ಅರ್ಧ ಮಿಲಿ

ಮಾರ್ಚ್ 10, ಸೋಮವಾರ

ಎಂದಿನಂತೆ ಎಂಟೂವರೆಗೆ ಆಸ್ಥಾನ ಪ್ರವೇಶ. ಆಸ್ಥಾನವೆಂದರೆ ಔಷಧಿ ಅಂಗಡಿಯ ಹಿಂದಿನ ಕೋಣೆ. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಎರಡು ಕುರ್ಚಿ. ಅಲುಗಾಡುವುದು ನನ್ನದು. ಗಟ್ಟಿಯಾದದ್ದರಲ್ಲಿ ಗುರುವರ್ಯರು ವಿರಾಜಮಾನರು — ಇಪ್ಪತ್ತು ವರ್ಷದಿಂದ ಬಾಟಲಿಗೆ ಅಂಟಿಸುವ ಲೇಬಲ್ ಮುದ್ರಿಸುತ್ತಿರುವ ಮಹಾನುಭಾವರು. ಯಾರಿಗೆ, ಯಾವ ಔಷಧಿ, ಒಂದು ಸಲಕ್ಕೆ ಎಷ್ಟು. ಕೌಂಟರಿನಿಂದ ಫಾರ್ಮಸಿಸ್ಟ್ ಮೇಡಂ ಫೈಲ್ ಕಳಿಸುತ್ತಾರೆ, ಸಾಫ್ಟ್‌ವೇರ್ ಅದನ್ನು ಓದಿ ಲೇಬಲ್ ಉಗುಳುತ್ತದೆ. ದಿನದ ಮೊದಲ ಲೇಬಲನ್ನು ಗುರುಗಳು ಫೈಲಿನ ಜೊತೆ ಹೋಲಿಸಿ ಗಟ್ಟಿಯಾಗಿ ಓದುತ್ತಾರೆ. ಅದೊಂದು ಸರಿಯಿದ್ದರೆ ಎಲ್ಲವೂ ಸರಿ.

“ಅನ್ನ ಬೆಂದಿದ್ಯಾ ಅಂತ ನೋಡೋಕೆ ಒಂದಗುಳು ಸಾಕು ಕಣಮ್ಮ.”

ಇವತ್ತಿನ ನನ್ನ ಸೇವೆ: ಅವರ ಮೌಸಿನ ಹೊಟ್ಟೆಯ ಬೆಳಕು ಮುಚ್ಚುವಂತೆ ಟೇಪ್. ಹತ್ತು ನಿಮಿಷ ಮೌಸಿಗೆ ಬೈದರು. ಆಮೇಲೆ ನನಗೆ.

ನಾಳೆ ಅವರ ಇಪ್ಪತ್ತನೇ ವರ್ಷ ತುಂಬುತ್ತದಂತೆ. ಯಾರಿಗೂ ನೆನಪಿಲ್ಲ. ಬಿಡುವುದುಂಟೇ!

ಮಾರ್ಚ್ 11, ಮಂಗಳವಾರ. ಸಂಜೆ 5

ಬಿರುದು ಪ್ರದಾನ ಸಮಾರಂಭ ಯಶಸ್ವಿ.

ಗುರುಗಳು ಊಟಕ್ಕೆ ಹೋದಾಗ ಅವರ ಲಾಗಿನ್‌ನಲ್ಲೇ ಕೂತೆ. (ಪಾಸ್‌ವರ್ಡ್ ಪರದೆಯ ಪಕ್ಕದಲ್ಲೇ ಅಂಟಿಸಿದ್ದಾರೆ. ಗುಪ್ತನಿಧಿ!) ಒಂದು ಸುಳ್ಳು ಫೈಲ್ ಮಾಡಿದೆ. ಹೆಸರು: ಚಹಾ ಚಕ್ರವರ್ತಿ. ಔಷಧಿ: ಸ್ಟ್ರಾಂಗ್ ಚಹಾ. ಈವರೆಗೆ ಸೇವಿಸಿದ ಲೋಟ: 100.000. ವಿದೇಶಿ ಲೇಬಲ್ ರೋಲಿನ ಡಬ್ಬದ ಮೇಲೆ ಸಾವಿರಕ್ಕೆ ಕಾಮಾ ಬದಲು ಹೀಗೇ ಚುಕ್ಕಿ ಹಾಕಿರುತ್ತಾರೆ, ನೋಡಲು ಗಂಭೀರ. ಆದರೆ ಪ್ರಿಂಟಾಗಿ ಬಂದದ್ದು ಬರೀ 100! ಚಕ್ರವರ್ತಿಗಳಿಗೆ ನೂರೇ ಲೋಟವೇ? ಅವಮಾನ. ಹುಡುಕಿದೆ. ಇನ್‌ಪುಟ್ ಫಾರ್ಮ್ಯಾಟ್ ಅಂತ ಒಂದು ಪುಟ. ಫೈಲಿನಲ್ಲಿರುವ ಚುಕ್ಕಿಯನ್ನು ದಶಮಾಂಶ ಅಂತ ಓದಬೇಕೋ, ಸಾವಿರ ಬಿಡಿಸುವ ಗುರುತು ಅಂತ ಓದಬೇಕೋ — ಅಲ್ಲಿ ಹೇಳಬಹುದು. ಸಾವಿರದ್ದು ಒತ್ತಿದೆ. ಒಂದು ಲಕ್ಷ ಲೋಟ ಟಣ್ಣನೆ ಬಂತು.

ಗುರುಗಳು ಬಂದಮೇಲೆ ಎದ್ದು ನಿಂತು ಓದಿ, ಅವರ ಚಹಾ ಫ್ಲಾಸ್ಕಿಗೆ ಅಂಟಿಸಿದೆ. “ಕೋತಿ, ನಿನಗೆ ಮಾಡೋಕೆ ಬೇರೆ ಕೆಲಸ ಇಲ್ವಾ?” ಅಂದರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು. ಮೇಡಂ ಕೂಡ ಬಂದು ನಕ್ಕರು.

ಪರಮ ಸಂತೋಷ.

ಮಾರ್ಚ್ 12, ಬುಧವಾರ

61 ಲೇಬಲ್. ಮೊದಲನೆಯದು ಕೆಮ್ಮಿನ ಔಷಧಿ, 10 ಮಿಲಿ. ಗುರುಗಳು ಓದಿದರು, ಸರಿ. ನನಗೆ ಸೊಂಟ ನೋವು. ಬೇರೇನಿಲ್ಲ.

ಮಾರ್ಚ್ 14, ಶುಕ್ರವಾರ. ಬೆಳಿಗ್ಗೆ 11.10

ಟಾಯ್ಲೆಟ್‌ನಲ್ಲಿ ಕೂತು ಬರೆಯುತ್ತಿದ್ದೇನೆ. ಕೈಗೆ ಏನಾದರೂ ಕೆಲಸ ಬೇಕು.

ಈಗಷ್ಟೇ ಒಬ್ಬ ಗಿರಾಕಿ ಫೋನ್ ಮಾಡಿದ್ದರು. ಮೇಡಂ ಸ್ಪೀಕರಿಗೆ ಹಾಕಿದರು. “ಏನಮ್ಮಾ, ಸಲಕ್ಕೆ ಇಪ್ಪತ್ತೈದು ಮಿಲಿ ಅಂತ ಬರ್ದಿದೀರ. ಇದು ಔಷಧಿನೋ ಊಟಾನೋ?” ಮೇಡಂ ನಕ್ಕು, ಎರಡೂವರೆ ಸಾರ್, ಎರಡೂವರೆ, ತಪ್ಪಾಯ್ತು ಅಂದರು. ಫೋನಿಟ್ಟು ಗುರುಗಳ ಕಡೆ ನೋಡಿದರು. “ನಿಮ್ ಪ್ರಿಂಟರಿಗೆ ಅರಳುಮರಳು ಶುರುವಾಯ್ತಾ?”

ಗುರುಗಳೂ ನಕ್ಕರು. ನಾನೂ ನಕ್ಕೆ.

2.5. ಚುಕ್ಕಿ. ಮಂಗಳವಾರ ನಾನು ಬದಲಿಸಿದ್ದು... ವಾಪಸ್ ಹಾಕಲಿಲ್ಲ. ಹಾಕಲೇ ಇಲ್ಲ. ಸಾಫ್ಟ್‌ವೇರ್ ಪಾಪ, ನಾನು ಹೇಳಿದ್ದನ್ನೇ ಮಾಡಿದೆ. ಚುಕ್ಕಿ ಕಂಡಲ್ಲೆಲ್ಲ ಎತ್ತಿ ಬಿಸಾಕಿದೆ. ಬುಧವಾರ, ಗುರುವಾರ, ಇವತ್ತು ಬೆಳಿಗ್ಗೆ. ಮೊದಲ ಲೇಬಲಿನಲ್ಲಿ ಮೂರು ದಿನವೂ ಚುಕ್ಕಿಯಿರಲಿಲ್ಲ.

25 ಅಂದರೆ ಯಾರಾದರೂ ನಕ್ಕು ಫೋನ್ ಮಾಡುತ್ತಾರೆ. 0.5 ಇದ್ದರೆ? 5 ಆಗುತ್ತದೆ. ಒಂದು ಚಮಚ. ಅದನ್ನು ನೋಡಿ ಯಾರು ನಗುತ್ತಾರೆ? ಸುಮ್ಮನೆ ಕುಡಿಸುತ್ತಾರೆ.

ಹೇಳಿದರೆ ಕೆಲಸ ಹೋಗುತ್ತದೆ. ಹೋಗಲಿ. ಆದರೂ ಇನ್ನೂ ಚಿಲಕ ತೆಗೆದಿಲ್ಲ.

11.50

ಹೇಳಿದೆ. ಇಪ್ಪತ್ತೈದು ನಿಮಿಷ ತಡವಾಗಿ. ಈ ಇಪ್ಪತ್ತೈದು ನಿಮಿಷವನ್ನು ಎಲ್ಲಿ ಬಚ್ಚಿಡಲಿ?

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗುರುಗಳ ಮುಖ ಸುಣ್ಣದ ಗೋಡೆ. ಮೂರು ದಿನದ ಫೈಲ್ ತೆಗೆದು ಚುಕ್ಕಿಯಿದ್ದ ಸಾಲುಗಳನ್ನು ಮಾತ್ರ ಹುಡುಕಿದರು. ನಾಲ್ಕು. ಒಂದು ಆ 25ರ ಗಿರಾಕಿಯದು. ಎರಡು ಬಾಟಲಿ ಇನ್ನೂ ಕೌಂಟರಿನ ಕಪಾಟಿನಲ್ಲೇ ಇದ್ದವು, ಮೇಡಂ ಕಿತ್ತುಕೊಂಡು ಬಂದರು. ನಾಲ್ಕನೆಯದು ನಿನ್ನೆ ಸಂಜೆ ಮನೆಗೆ ಹೋಗಿದೆ.

ಹೃದಯದ ಕಾಯಿಲೆಯ ಹನಿ ಔಷಧಿ. 0.5 ಮಿಲಿ. ವಯಸ್ಸಿನ ಜಾಗದಲ್ಲಿ: 7 ತಿಂಗಳು.

ಮೇಡಂ ಸ್ಟೂಲಿನ ಮೇಲೆ ಕುಸಿದರು. “ಹತ್ತು ಪಟ್ಟು ಕಣ್ರೀ. ಆ ಮಗೂಗೆ ಹತ್ತು ಪಟ್ಟು.”

ಫೋನ್ ಸ್ವಿಚ್ ಆಫ್. ಐದು ಸಲ. ಆರು ಸಲ.

ಗುರುಗಳು ಮಾಲೀಕರಿಗೆ ಫೋನ್ ಮಾಡಿ, “ಲಾಗಿನ್ ನಂದು, ತಪ್ಪೂ ನಂದೇ” ಅಂದರು. ನಾನು ಬಾಯಿ ತೆರೆದೆ. ಕೈ ಎತ್ತಿ ತಡೆದರು. “ಆಮೇಲೆ. ಮೊದ್ಲು ಆ ಮನೆಗೆ ಓಡು. ಮೇಡಂ ಸ್ಕೂಟರ್ ಓಡಿಸ್ತಾರೆ, ನೀನು ದಾರಿ ನೋಡು. ನಾನು ಫೋನ್ ಹಚ್ತಾನೇ ಇರ್ತೀನಿ.”

ಮೇಡಂ ಕೀ ಹುಡುಕುತ್ತಿದ್ದಾರೆ. ಅಷ್ಟರಲ್ಲಿ ಇಷ್ಟು.

ಮಧ್ಯಾಹ್ನ 2.20

ಮಕ್ಕಳ ಆಸ್ಪತ್ರೆ. ಎರಡನೇ ಮಹಡಿ. ಬೆಂಚು.

ಮೂರನೇ ಮಹಡಿಯ ಮನೆ. ಲಿಫ್ಟ್ ಇರಲಿಲ್ಲ. ಬೆಲ್ ಒತ್ತಿದೆ, ಬಡಿದೆ, ಗುದ್ದಿದೆ. ಬಾಗಿಲು ತೆಗೆದ ತಾಯಿ ಬೆರಳು ತುಟಿಗೆ ಇಟ್ಟು, “ಶ್... ಈಗಷ್ಟೇ ಮಲಗಿದೆ” ಅಂದರು. ಫೋನ್ ಆಫ್ ಮಾಡಿ ಚಾರ್ಜಿಗೆ ಹಾಕಿದ್ದರು. ಮೇಡಂ ಒಂದೇ ಉಸಿರಿಗೆ ಕೇಳಿದರು: “ಹೊಸ ಬಾಟಲಿ ಶುರು ಮಾಡಿದ್ರಾ?”

“ಬೆಳಿಗ್ಗೆಯಿಂದ. ಡೋಸ್ ಜಾಸ್ತಿ ಮಾಡಿದಾರೆ ಅಲ್ವಾ, ಐದು ಅಂತಿದೆ. ಡ್ರಾಪರ್‌ನಲ್ಲಿ ಒಂದೇ ಮಿಲಿ ಹಿಡಿಸೋದು. ಐದು ಸಲ ಹಾಕ್ಬೇಕಿತ್ತು. ಎರಡು ಸಲ ಹಾಕಿದ್ಮೇಲೆ ವಾಂತಿ ಮಾಡ್ಕೊಂಡ. ಬಾಕಿ ಮೂರು, ಎದ್ಮೇಲೆ ಕೊಡೋಣ ಅಂತ ಇಟ್ಟಿದೀನಿ.”

ತೊಟ್ಟಿಲ ಪಕ್ಕದ ಮೇಜಿನ ಮೇಲೆ ಬಾಟಲಿ. ನನ್ನ ಲೇಬಲ್. ನೇರವಾಗಿ, ಒಂದು ಸುಕ್ಕೂ ಇಲ್ಲದೆ ಅಂಟಿತ್ತು.

ಮೇಡಂ ಮಗುವನ್ನು ಎಬ್ಬಿಸಲು ನೋಡಿದರು. ಕಣ್ಣು ಅರ್ಧ ತೆರೆದು ಮತ್ತೆ ಮುಚ್ಚಿಕೊಂಡ. ಅಳಲಿಲ್ಲ. ಏಳು ತಿಂಗಳ ಮಗು ನಿದ್ದೆ ಕೆಡಿಸಿದರೆ ಅಳಬೇಕಲ್ಲವೇ? ನಮ್ಮ ಅಕ್ಕನ ಮಗಳಾಗಿದ್ದರೆ ಬೀದಿಗೆ ಕೇಳಿಸುತ್ತಿತ್ತು.

ಆಟೋದಲ್ಲಿ ಬಂದೆವು. ತಾಯಿಯ ಮಡಿಲಲ್ಲಿ ಮಗು, ನನ್ನ ಮುಷ್ಟಿಯಲ್ಲಿ ಬಾಟಲಿ.

3.45

ಡಾಕ್ಟರ್ ಹೊರಗೆ ಬಂದಿದ್ದರು. ಎದೆಬಡಿತ ತುಂಬಾ ನಿಧಾನವಾಗಿದೆ. ವಾಂತಿ ಆಗಿದ್ದು ಒಳ್ಳೆಯದೇ ಆಯಿತು. ಔಷಧಿಗೆ ಎದುರು ಔಷಧಿ ಕೊಟ್ಟಿದ್ದಾರೆ. ನಾಳೆ ಬೆಳಗಿನವರೆಗೆ ಏನೂ ಹೇಳಲಾಗದು. “ಆ ಬಾಕಿ ಮೂರು ಕೊಟ್ಟಿದ್ರೆ...” ಅಂದವರು ತಾಯಿಯನ್ನು ನೋಡಿ ಮಾತು ನುಂಗಿದರು.

ಗಾಜಿನ ಬಾಗಿಲಾಚೆ ಒಂದು ಪರದೆ. ಹಸಿರು ಗೆರೆ ಏಳುತ್ತದೆ, ಬೀಳುತ್ತದೆ. ಎರಡು ಏರಿಕೆಗಳ ನಡುವೆ ನಾನು ಉಸಿರಾಡುತ್ತಿಲ್ಲ. ಪಕ್ಕದಲ್ಲಿ ಒಂದು ಅಂಕಿ. 74. 71. 72. ನರ್ಸ್ ನೂರರ ಮೇಲಿರಬೇಕು ಅಂದರು.

ಗುರುಗಳ ಫೋನ್. ಸೆಟ್ಟಿಂಗ್ ವಾಪಸ್ ಹಾಕಿದರಂತೆ. ಇವತ್ತಿನ ಅಷ್ಟೂ ಲೇಬಲನ್ನು ಒಂದೊಂದಾಗಿ ಓದಿದರಂತೆ. “ಊಟ ಮಾಡಿದ್ಯಾ?” ಅಂತ ಕೇಳಿದರು.

4.30

69.

ತಾಯಿ ಬಂದು ನನ್ನ ಪಕ್ಕದಲ್ಲೇ ಕೂತಿದ್ದರು. ಕೈಯಲ್ಲಿ ಒಂದು ಪುಟ್ಟ ಕಾಲುಚೀಲ, ಒಂದೇ ಒಂದು. ಮೇಡಂ ಲೇಬಲ್ ತಪ್ಪಾಗಿದೆ ಅಂತಷ್ಟೇ ಹೇಳಿದ್ದಾರೆ.

“ನಂದೇ ತಪ್ಪು ಕಣಮ್ಮ” ಅಂದರು. “ಇಷ್ಟು ದಿನ ಅರ್ಧ ಕೊಡ್ತಿದ್ದೋಳು, ಐದು ಅಂದಾಗ ಒಂದ್ಮಾತು ಕೇಳ್ಬೇಡ್ವಾ? ಹೆತ್ತೋಳಿಗೆ ಅಷ್ಟೂ ಗೊತ್ತಾಗ್ಬೇಡ್ವಾ?” ನನ್ನ ಕೈ ಹಿಡಿದುಕೊಂಡರು. “ನೀವಾದ್ರೂ ಓಡ್ಬಂದ್ರಲ್ಲ. ನೀವ್ ಬರ್ದೇ ಇದ್ದಿದ್ರೆ ನನ್ ಕೈಯಾರೆ ಕುಡಿಸ್ಬಿಡ್ತಿದ್ದೆ.”

ನನಗೆ ಕೈಮುಗಿದರು. ನನಗೆ.

ಅಷ್ಟರಲ್ಲಿ ನರ್ಸ್ ಕರೆದರು, ಒಳಗೆ ಹೋದರು.

5.05

76. ಆಮೇಲೆ 73. ನಂಬಬಾರದು.

ಗುರುಗಳು ಲಾಗಿನ್ ತಮ್ಮದೆಂದರು, ಇವರು ತಪ್ಪು ತಮ್ಮದೆಂದರು. ಎಲ್ಲರೂ ಹಂಚಿಕೊಂಡು ಹೊತ್ತುಕೊಂಡರೆ ನನ್ನ ಪಾಲಿಗೆ ಬರೀ ಕೈಮುಗಿಸಿಕೊಳ್ಳುವುದು. ಇಲ್ಲ. ಮಗುವಿಗೆ ಏನೇ ಆಗಲಿ, ಆಗುವ ಮೊದಲೇ ಹೇಳಬೇಕು. ಆದಮೇಲೆ ಹೇಳಿದರೆ ಅದು ಬೇರೆ ಮಾತು. ಒಳ್ಳೆಯದಾದರೆ ಕ್ಷಮಿಸಿಬಿಡುತ್ತಾರೆ. ಇಲ್ಲವಾದರೆ... ಇನ್ನೊಂದನ್ನು ಬರೆಯಲಾರೆ.

ಹೇಗೆ ಶುರು ಮಾಡುವುದು? ನಗಿಸಲು ಹೊರಟಿದ್ದೆ ಅಂತಲೇ? ಚಹಾದ ಲೆಕ್ಕಕ್ಕೆ ಅಂತಲೇ? ಯಾವ ತಾಯಿಯ ಮುಂದೆ ಹೇಗೆ ಹೇಳುತ್ತಾರೆ ಅದನ್ನು...

ಗಾಜಿನ ಬಾಗಿಲು ತೆರೆಯಿತು. ಅವರೇ. ನನ್ನ ಕಡೆಗೇ ಬರುತ್ತಿದ್ದಾರೆ. ಮುಖದಲ್ಲಿ ಏನಿದೆಯೋ ತಿಳಿಯುತ್ತಿಲ್ಲ. ನೋಡುವುದಿಲ್ಲ. ಅವರು ಬಾಯಿ ತೆರೆಯುವ ಮೊದಲು ನಾನೇ ಹೇ