ಎರಡು ದಿನದ ಗಡ್ಡ

ಕ್ಲೋನ್‌ಬರ್, ಜೂನ್ ೯, ೧೯೫೨

ವಸ್ತುಸಂಗ್ರಹಾಲಯದ ಅಧಿಕಾರಿಗಳಿಗೆ,

ಉರುವಲಿಗೆಂದು ಜೌಗು ಮಣ್ಣು ಕಡಿಯುವಾಗ ಸಿಕ್ಕ ದೇಹ ನನ್ನ ತಮ್ಮ ಫೆಲಿಮ್‌ನದೆಂದು ಗುರುತಿಸಿದವನು ನಾನೇ. ಅವನು ಅಲ್ಲೇ ಕಾಣೆಯಾಗಿ ಹನ್ನೆರಡು ವರ್ಷವಾಗಿತ್ತು. ಕೂದಲೂ ಅವನದರಂತೆ ಕೆಂಪಗಿತ್ತು. ಜೌಗು ದೇಹವನ್ನು ಕೊಳೆಯಲು ಬಿಡದೆಂದು ಗೊತ್ತಿತ್ತು; ಅದು ಯಾರ ಕೂದಲನ್ನಾದರೂ ಕೆಂಪಾಗಿಸುತ್ತದೆಂದು ನನಗೆ ತಿಳಿದಿರಲಿಲ್ಲ. ರೂಢಿಯಂತೆ ಮನೆಗೆ ತಂದು ಮಲಗಿಸಿ, ಊರವರೆಲ್ಲ ಸುತ್ತ ಕುಳಿತು ನಗೆಮಾತಾಡುತ್ತ ರಾತ್ರಿಯಿಡೀ ಹೆಣ ಕಾದೆವು.

"ಏನೋ ಫೆಲಿಮ್, ಹನ್ನೆರಡು ವರ್ಷ ತಪ್ಪಿಸ್ಕೊಂಡು, ಎರಡೇ ದಿನದ ಗಡ್ಡ ಬಿಟ್ಕೊಂಡು ಬಂದಿದೀಯಲ್ಲೋ!" ಎಂದು ನೆರೆಮನೆಯ ಕೋಲ್ಮನ್ ಛೇಡಿಸಿದ. ಎಲ್ಲರೂ ನಕ್ಕೆವು.

ಮರುದಿನ ನಿಮ್ಮ ತಜ್ಞರು ಬಂದು, ಇವನು ಸತ್ತು ಎರಡು ಸಾವಿರ ವರ್ಷವಾಗಿದೆ ಎಂದರು. ನಾನು ಮತ್ತೆ ನೋಡಿದೆ. ಅವನ ಹೆಬ್ಬೆರಳಿನ ಗೆರೆಗಳು ನನ್ನವುಗಳಷ್ಟೇ ಸ್ಪಷ್ಟವಾಗಿದ್ದವು. ಬಹಳ ಹೊತ್ತು ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಕುಳಿತಿದ್ದೆ.

ಅಮ್ಮನಿಗೆ ಹೇಳಲು ಧೈರ್ಯ ಬಂದದ್ದು ಸಂಜೆಗೆ. ಆಕೆ ಹಿಡಿದುಕೊಂಡಿದ್ದ ಅವನ ಕೈಯನ್ನು ಬಿಡಲಿಲ್ಲ.

"ನನ್ ಮಗ ಅಲ್ಲ ಅಂತ ಮುಟ್ಟಿದ ತಕ್ಷಣಾನೇ ಗೊತ್ತಾಯ್ತು ಕಣೋ. ಆದ್ರೆ ಇವನಿಗಾಗಿ ಅಳೋರು ಯಾರೂ ಉಳಿದಿಲ್ವಲ್ಲ."

ನೀವು ತಿಳಿಸಿದಂತೆ ಒದ್ದೆ ಮಣ್ಣು ಹೊದಿಸಿಟ್ಟಿದ್ದೇವೆ. ಗುರುವಾರ ನಿಮ್ಮ ಗಾಡಿ ಬಂದರೆ ತಡೆಯುವುದಿಲ್ಲ. ಆದರೆ ಹೆಣವನ್ನು ಒಂಟಿಯಾಗಿ ಬಿಡುವ ಪದ್ಧತಿ ನಮ್ಮಲ್ಲಿಲ್ಲ. ಡಬ್ಲಿನ್‌ವರೆಗೆ ಅವನ ಪಕ್ಕ ಅಮ್ಮ ಕೂರಲು ದಯವಿಟ್ಟು ಜಾಗ ಮಾಡಿಸಿ.

ಇಂತಿ,
ಮಲಾಕಿ ಡೆವೇನಿ