ಮುದ್ದೆಕೋಲು ಬಚ್ಚಿಟ್ಟ ಮನೆಗೆ

ಮೈಸೂರು
೨ ಡಿಸೆಂಬರ್ ೨೦೦೨

ಪ್ರೀತಿಯ ಅವ್ವನಿಗೆ ಕಾವ್ಯಶ್ರೀ ಮಾಡುವ ನಮಸ್ಕಾರಗಳು.

ಇಂದು ಡಿಸೆಂಬರ್ ಎರಡು, ಸೋಮವಾರ. ಈ ಪತ್ರದ ಉದ್ದೇಶ ಒಂದೇ: ಹತ್ತನೆಯ ತಾರೀಖು ಅಪ್ಪನನ್ನು ಕರುಳಿನ ಪರೀಕ್ಷೆಗೆ ಮೈಸೂರಿಗೆ ಕರೆದುಕೊಂಡು ಬರಬೇಕೆಂದು ನಿನಗೆ ತಿಳಿಸುವುದು.

ನೀನು ಕೇಳಿದ್ದು ಬೇರೆ. ಹದಿನೈದರಂದು ಕೆ.ಆರ್. ನಗರದವರು ನನ್ನನ್ನು ನೋಡಲು ನಮ್ಮೂರು ಹಂಪಾಪುರಕ್ಕೆ ಬರುತ್ತಾರೆ. ಅಷ್ಟರೊಳಗೆ ಅಪ್ಪನ ಕರುಳಿಗೆ ಕೊಳವೆ ಹಾಕಿ ನೋಡಿದರೆಂಬ ಸುದ್ದಿ ಹಬ್ಬಿದರೆ ಸಂಬಂಧ ತಪ್ಪಿಹೋಗುತ್ತದೆಂಬುದು ನಿನ್ನ ಭಯ. ಆದ್ದರಿಂದ ಪರೀಕ್ಷೆ ಬೇಡ, ಪಥ್ಯವೇ ಸಾಕೆಂದು ನಾನು ಅಪ್ಪನಿಗೆ ಬರೆಯಬೇಕೆಂಬುದು ನಿನ್ನ ಮಾತು. ಆಹಾರ ವಿಜ್ಞಾನದಲ್ಲಿ ತರಗತಿಗೇ ಮೊದಲಿಗಳಾದ ಮಗಳ ಮಾತನ್ನು ಅಪ್ಪ ಮೀರುವುದಿಲ್ಲ ಎಂದಿದ್ದೀಯೆ. ನಿಜ, ಮೀರುವುದಿಲ್ಲ. ಭಯವಾಗುವುದು ನನಗೆ ಅದಕ್ಕೇ.

ದಸರೆಗೆ ನಾನು ಊರಿಗೆ ಬಂದಾಗ ಅಪ್ಪ ಟಾನಿಕ್ ಬಾಟಲಿ ತೋರಿಸಿ, "ರಕ್ತ ಕಮ್ಮಿ ಅದೆ ಕಣವ್ವ, ಅದ್ಕೆ ಕುಡೀತೀನಿ. ಇದ್ರಲ್ಲಿ ಕಬ್ಬಿಣ ಅದಂತೆ. ನಿನ್ ಪುಸ್ತಕದಲ್ಲಿ ಬರ್ದಿಲ್ವಾ?" ಎಂದರು. ಜಗಲಿಯಿಂದ ಅಜ್ಜಿ ಸುಮ್ಮನಿರಲಿಲ್ಲ: "ಪುಸ್ತಕದಲ್ಲಿ ಇಲ್ದೇ ಇರೋದ ನಾನೇಳ್ತೀನಿ ಕೇಳವ್ವ. ಕಾಲುವೆ ನೀರು ಬಂದು ಗದ್ದೆ ಆದಾಗಿಂದ ನಿಮ್ಮಪ್ಪಂಗೆ ರಾಗಿ ಇಟ್ಟು ಕಂಡ್ರೆ ನಾಚ್ಕೆ. ನೆಂಟ್ರು ಬಂದ್ರೆ ಮುದ್ದೆಕೋಲ್ನೂ ಅಟ್ಟುಕ್ಕೆ ಹಾಕುಸ್ತಾನೆ. ಆಳುಗೊಳ್ಗೆ ಮುದ್ದೆ, ದೊರೆಗೆ ಬೆಳ್ಳನ್ನ!" ಒಲೆಯ ಮುಂದೆ ನೀನು ನಕ್ಕೆ. ನಾನೂ ನಕ್ಕೆ.

ಅಜ್ಜಿಯ ಮಾತಿನಲ್ಲಿ ಹುರುಳಿದೆ. ಟಾನಿಕ್ಕಿನ ಕಬ್ಬಿಣವೆಲ್ಲ ರಕ್ತಕ್ಕೆ ಸೇರುವುದಿಲ್ಲ. ಉಳಿದದ್ದು ದೊಡ್ಡ ಕರುಳಿಗೆ ಇಳಿಯುತ್ತದೆ, ಅಲ್ಲಿ ಅತಿಯಾದರೆ ಒಳಪೊರೆಯನ್ನು ಕೆರಳಿಸಬಹುದು. ರಾಗಿಯ ತೌಡಿನಲ್ಲಿ ಅಂತಹ ಕಬ್ಬಿಣವನ್ನು ಹಿಡಿದಿಡುವ ಅಂಶವಿದೆ. ಸೊಪ್ಪು, ಕಾಳುಗಳ ನಾರು ಅಲ್ಲಿಯ ಸೂಕ್ಷ್ಮಜೀವಿಗಳಿಂದ ಹುಳಿತು ಕರುಳಿಗೇ ಆಹಾರವಾಗುತ್ತದೆ. ನುಣ್ಣಗೆ ಪಾಲಿಶ್ ಮಾಡಿದ ಅಕ್ಕಿಯಲ್ಲಿ ಇವೆರಡೂ ಕಡಿಮೆ.

ಆದರೆ ಅವ್ವ, ಇದು ಕರುಳನ್ನು ಕಾಯುವ ಮಾತು. ಒಳಗೆ ಏನಾಗಿದೆ ಎಂಬುದನ್ನು ತಿಳಿಸುವ ಮಾತಲ್ಲ. ಅಪ್ಪನ ಪಂಚೆಯನ್ನು ಅಗಸರಿಗೆ ಹಾಕದೆ ನೀನೇ ಒಗೆಯುತ್ತಿದ್ದೀಯೆ. ಮೂಲವ್ಯಾಧಿ ಇರಬೇಕು ಎಂದಿದ್ದೀಯೆ. ಇರಬಹುದು. ಅಲ್ಲದೆಯೂ ಇರಬಹುದು. ರಕ್ತ ಸೋರುವ ಕಡೆಯನ್ನು ನೋಡದೆ ಕಬ್ಬಿಣ ಕುಡಿಸುವುದು ತೂತುಬಿದ್ದ ಕೊಡಕ್ಕೆ ನೀರು ಹೊತ್ತಂತೆ. ಮುದ್ದೆ ಉಣ್ಣಿಸಿದರೂ ತೂತು ತೂತೇ.

ಈ ಪತ್ರ ತಲುಪಿದ ದಿನವೇ ಟಾನಿಕ್ ನಿಲ್ಲಲಿ. ಅದು ಮಲವನ್ನು ಕಪ್ಪಾಗಿಸಿ ಕರುಳಿಗೆ ಅಂಟಿಸುತ್ತದೆ, ವೈದ್ಯರ ಕಣ್ಣಿಗೆ ಒಳಗಿನದು ಕಾಣುವುದಿಲ್ಲ. ಪರೀಕ್ಷೆಯ ಹಿಂದಿನ ದಿನ ಏನು ಕೊಡಬೇಕೆಂದು ಕೇಳಿ ತಿಳಿಸುತ್ತೇನೆ. ಬಸ್ ಸ್ಟ್ಯಾಂಡಿನಲ್ಲಿ ನಾನಿರುತ್ತೇನೆ.

ಕೆ.ಆರ್. ನಗರದವರಿಗೆ ವಿಷಯವನ್ನು ನೀವೇ ತಿಳಿಸಿಬಿಡಿ. ತಿಳಿದ ಮೇಲೂ ಬಂದರೆ ಮುದ್ದೆ, ಬಸ್ಸಾರು ಬಡಿಸು. ಮುದ್ದೆಕೋಲು ಅಟ್ಟದಿಂದ ಇಳಿಯಲಿ.

ಇಂತಿ ನಿನ್ನ ಮಗಳು,
ಕಾವ್ಯಶ್ರೀ

ವಿ.ಸೂ.: ಹದಿನೈದರ ಕಾರ್ಯ ನಿಲ್ಲುವುದಾದರೆ ಕೆ.ಆರ್. ನಗರದ ಹುಡುಗ ಮಹೇಂದ್ರ ಅವರ ಫೋಟೋವನ್ನು ಕೂಡಲೇ ಹಿಂದಕ್ಕೆ ಕಳುಹಿಸಬೇಕೆಂದು ಬರೆದಿದ್ದೀಯೆ. ಕಳುಹಿಸುವುದಿಲ್ಲ.