ಇಬ್ಬರಿಗೂ ಒಂದೇ ಮಾತ್ರೆ

ಅರೆಗಳಿಗೆ ಮುಂಚೆ ಹುಟ್ಟಿ ಗತ್ತು ಮಾಡುವ ಅಕ್ಕಾ,

ನಾನಿಲ್ಲಿ ಆರಾಮ. ಅವಳಿಗಳ ಅಧ್ಯಯನಕ್ಕೆ ಕೊಟ್ಟಿದ್ದ ನಮ್ಮಿಬ್ಬರ ರಕ್ತದ ವರದಿಯನ್ನು ಡಾಕ್ಟರಮ್ಮ ಪರದೆಯ ಮೇಲೆ ಅಕ್ಕಪಕ್ಕ ತೋರಿಸಿದರು. ಜೀನುಗಳು ಥೇಟ್ ಒಂದೇ. ಅವುಗಳ ಮೇಲೆ ಕೂತು ಅವುಗಳ ಕೆಲಸ ಏರಿಸಿ ಇಳಿಸುವ ಚುಕ್ಕೆಗಳು ಮಾತ್ರ ಬೇರೆ ಬೇರೆ! "ನೋಡಮ್ಮ, ಅವಳ ಬೇಕರಿ ಹೊಗೆ, ನಿನ್ನ ರಾತ್ರಿ ಪಾಳಿ, ಎಲ್ಲಾ ಹೀಗೆ ಗುರುತು ಬಿಡಬಹುದು. ಆಗ ಒಂದೇ ಮಾತ್ರೆ ಇಬ್ಬರಿಗೂ ಒಂದೇ ಥರ ಕೆಲಸ ಮಾಡಲ್ಲ," ಎಂದರು. ಒಬ್ಬಳು ತೋರಿಸಿಕೊಂಡು ಬಂದು ಇಬ್ಬರೂ ನುಂಗುವ ನಮ್ಮ ಪದ್ಧತಿ ಹೇಳಿದೆ. ಹಣೆ ಹಿಡಿದುಕೊಂಡು ಕೂತರು! ನನ್ನ ಬಿ.ಪಿ. ಇಳಿಸಿದ ಮಾತ್ರೆಯೇ ನಿನಗೆ ತಲೆಸುತ್ತು ತಂದಿರಬೇಕು. ನಾನು ಕಳಿಸಿದ ಮಾತ್ರೆ ಡಬ್ಬಿ ಮುಟ್ಟಬೇಡ, ಈ ಕಾರ್ಡು ಕೈಸೇರಿದ ಕೂಡಲೇ ಡಾಕ್ಟರ ಹತ್ತಿರ ಹೋಗು. ನಾನು ತೋರಿಸಿಕೊಂಡರೆ ನಿನಗೆ ಸಾಲದಂತೆ.

ಜಾಗ ಮುಗಿಯಿತು.
ನಿನ್ನ ಪಡಿಯಚ್ಚಲ್ಲದ ತಂಗಿ